ಎಡಗಾಲಿನ ಲಾಳ

ನನ್ನ ಹತ್ತಿರ ಚಳಿಗಾಲದ ಜೋಡು ಇರಲಿಲ್ಲ. ಅಳತೆ ಕಚೇರಿಯಲ್ಲಿ ಕೆಲಸ ಸಿಕ್ಕಿ ಆ ಊರಿಗೆ ಹೋದಾಗ ಕಾಲಲ್ಲಿದ್ದದ್ದು ಹಾಸ್ಟೆಲ್ಲಿನ ದಿನಗಳ ಹವಾಯಿ ಚಪ್ಪಲಿ. ಅದರ ಒಂದು ಬಾರು ಕಿತ್ತುಹೋಗಿ ಪಿನ್ನು ಹಾಕಿದ್ದೆ. ಅಂಗಡಿಯವರ ಸೇರು, ಪಾವು, ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಇನ್ನೂ ಖಾಯಂ ಆಗಿರಲಿಲ್ಲ. ಕಾರ್ತಿಕದ ಅಮಾವಾಸ್ಯೆಯಿಂದ ಶಿವರಾತ್ರಿಯವರೆಗೆ ಎಪ್ಪತ್ತಮೂರು ಕೆಲಸದ ದಿನ. ಅದರಲ್ಲಿ ನಲವತ್ತೆಂಟು ದಿನದ ಹಾಜರಿ ಬಿದ್ದರೆ ಖಾಯಂ, ಒಂದು ಕಡಿಮೆಯಾದರೂ ಗಂಟುಮೂಟೆ ಕಟ್ಟಬೇಕು. ಇದೇನು ಮಹಾ ಎಂದುಕೊಂಡೆ. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಊಟದ ಗಂಟೆಗೆ ಒಂದು ದಿನವೂ ತಪ್ಪಿಸಿಕೊಳ್ಳದವನು ನಾನು.

ಅಮಾವಾಸ್ಯೆಯ ಮಾರನೆಯ ದಿನ ಮಂಜು ಇಳಿಯಿತು. ಕೈ ಚಾಚಿದರೆ ಬೆರಳು ಕಾಣದು. ಆ ಊರಿನಲ್ಲಿ ಮಂಜು ಇಳಿದ ಮೇಲೆ ಬೀದಿಯಲ್ಲಿ ಮಾತೂ ಕೇಳಿಸುವುದಿಲ್ಲ. ಗಂಟೆ, ಸೀಟಿ, ಚಪ್ಪಾಳೆ ಒಂದೂ ಇಲ್ಲ. ನೆಲಕ್ಕೆ ತಾಗಿದ್ದು ಮಾತ್ರ ಕೇಳಿಸುತ್ತದೆ. ಒಳಗೆ ಬಂದು ಬಾಗಿಲು ಹಾಕಿಕೊಂಡರೆ ಮತ್ತೆ ಎಲ್ಲ ಮೊದಲಿನಂತೆ. ಹಾಲಿನವನು ಕಬ್ಬಿಣದ ಕೋಲು ಕುಟ್ಟುತ್ತ ಬರುತ್ತಾನೆ, ಹೂವಿನವಳು ಒಂದು ಸರಪಳಿ ಎಳೆದುಕೊಂಡು ಬರುತ್ತಾಳೆ. ಉಳಿದವರಿಗೆ ಅವರವರ ಜೋಡು. ಒಬ್ಬೊಬ್ಬರದು ಒಂದೊಂದು ಸದ್ದು. ಅದನ್ನು ಕೇಳಿ ಜನ ಪಕ್ಕಕ್ಕೆ ಸರಿಯುತ್ತಾರೆ, ಬಾಗಿಲು ತೆಗೆಯುತ್ತಾರೆ, ಬರುವವರು ಬೇಡದವರಾದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಹವಾಯಿ ಚಪ್ಪಲಿ ಬಡಿಯುವುದು ಹಿಮ್ಮಡಿಗೆ, ನೆಲಕ್ಕಲ್ಲ. ಅಂದು ಭಾನುವಾರ, ಹಾಲು ತರಲು ಹೊರಟವನು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಹಾಲಿನವನಿಗೇ ಢಿಕ್ಕಿ ಹೊಡೆದೆ. ಅವನು ನನ್ನ ರಟ್ಟೆ ಹಿಡಿದು ಹತ್ತಿರದ ಮನೆಯೊಂದರ ಒಳಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಆಮೇಲೆ ಬೈಯಲು ಶುರುಮಾಡಿದ. ಆ ಮನೆಯವರು ಕಾಫಿ ಕುಡಿಯುತ್ತ ಕೇಳಿದರು.

"ಕಳ್ಳನೇನಯ್ಯಾ ನೀನು? ಸದ್ದಿಲ್ದೆ ತಿರುಗ್ತೀಯಲ್ಲ?"

"ಅಳತೆ ಕಚೇರಿಯವನು."

"ಎರಡೂ ಒಂದೇ. ಹೋಗು, ಚೌಡಣ್ಣನ ಹತ್ರ ಹೋಗಿ ಒಂದು ಜೋಡು ತಗೋ. ನಾಳೆ ಹಿಂಗೇ ಬಂದ್ರೆ ಕೋಲು ನಿನ್ನ ಕಾಲ್ಮೇಲೆ ಬೀಳುತ್ತೆ."

ಚೌಡಣ್ಣ ಆ ಊರಿಗೆಲ್ಲ ಜೋಡು ಹೊಲಿಯುವವನು. ಅರವತ್ತು ದಾಟಿದ ಮನುಷ್ಯ. ಅವನ ಅಂಗಡಿಯೊಳಗೆ ಒಂದು ಚಪ್ಪಡಿ ಕಲ್ಲು ಹಾಸಿತ್ತು. ಯಾವ ಜೋಡೇ ಆಗಲಿ ಮೊದಲು ಅದರ ಮೇಲೆ ಬಡಿದು, ಕಣ್ಣು ಮುಚ್ಚಿ ಕೇಳಿ, ಈ ಸದ್ದು ಯಾರದ್ದಾದರೂ ಇದೆಯೇ ಎಂದು ಹೇಳುತ್ತಿದ್ದ. ಇಲ್ಲದಿದ್ದರೆ ಒಂದು ಚೀಟಿ ಬರೆದುಕೊಡುತ್ತಿದ್ದ. ಆ ಚೀಟಿಯನ್ನು ಕಚೇರಿಯ ಗೇಟಿನಲ್ಲಿ ಕೊಟ್ಟರೆ ನಿಮ್ಮ ಸದ್ದು ರಿಜಿಸ್ಟರಿಗೆ ಏರಿತು ಎಂದು ಅರ್ಥ. ನಾನು ಗೋಡೆಯ ಮೇಲಿದ್ದ ಒಂದು ಕಪ್ಪು ಬೂಟು ತೋರಿಸಿದೆ.

"ಅದು ಬ್ಯಾಂಕ್ ಮ್ಯಾನೇಜರ್ದು, ರಿಪೇರಿಗೆ ಬಂದಿರೋದು. ನೀನು ತಡವಾಗಿ ಬಂದಿದ್ದೀಯ ಕಣಪ್ಪ. ಉಳಿದಿರೋದು ಎರಡೇ." ಅವನು ಮರದ ಅಟ್ಟೆಯ ಒಂದು ಜೋಡು ಬಡಿದ. ಲೊಟ್ ಲೊಟ್. "ಇದು ದೇವಸ್ಥಾನದ ಭಟ್ಟರದ್ದು. ಹೋದ ವರ್ಷ ತೀರ್ಕೊಂಡ್ರು. ಗಟ್ಟಿ ಮಾಲು. ಆದ್ರೆ ನೀನು ಹೋದಲ್ಲೆಲ್ಲ ಜನ ತೀರ್ಥಕ್ಕೆ ಕೈ ಒಡ್ತಾರೆ."

"ಇನ್ನೊಂದು?"

ಇನ್ನೊಂದು ಕಂದು ಬಣ್ಣದ್ದು, ನೋಡಲು ಚೆನ್ನಾಗಿತ್ತು. ಕಲ್ಲಿಗೆ ಒತ್ತಿದರೆ ಕಿಂಯ್ಕ್ ಎಂದಿತು. ಮತ್ತೊಮ್ಮೆ ಒತ್ತಿದ. ಕಿಂಯ್ಕ್.

"ಇದು ಯಾರದ್ದೂ ಅಲ್ಲ. ಯಾರೂ ಒಪ್ಪಲ್ಲ," ಎಂದ ಚೌಡಣ್ಣ. "ಬೆಚ್ಚಗಿರುತ್ತೆ. ನಾಯಿಗಳು ಸ್ವಲ್ಪ ಹಿಂದೆ ಬರ್ತಾವೆ ಅಷ್ಟೇ."

ಆಲೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಇಪ್ಪತ್ತಮೂರು ವರ್ಷದವನಿಗೆ ಕಾಲು ಬೆಚ್ಚಗಿರುವುದು ಎರಡನೆಯ ಮಾತು, ಕಿಂಯ್ಕ್ ಎನ್ನದಿರುವುದು ಮೊದಲನೆಯದು.

ನಾನು ಬಾಡಿಗೆಗಿದ್ದದ್ದು ನಮ್ಮ ಸೂಪರಿಂಟೆಂಡೆಂಟ್ ನಂಜರಾಜಯ್ಯನವರ ಹಿತ್ತಲ ಕೋಣೆಯಲ್ಲಿ. ಅವರು ಶಿವರಾತ್ರಿಗೆ ನಿವೃತ್ತರಾಗುವವರು. ದಪ್ಪ ಕಂಬಳಿಯೊಳಗಿಂದ ಮುಖ ಮಾತ್ರ ಹೊರಗಿಟ್ಟುಕೊಂಡು ಮಾತಾಡುತ್ತಿದ್ದರು. ಸಂಜೆ ಕರೆದು ನನ್ನ ಕಾಲು ನೋಡಿದರು. ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು.

"ಅಯ್ಯೋ, ಇದೇನಪ್ಪ ರಂಗಪ್ಪ. ತಗೋ, ನಂದೇ ಜೋಡು ಹಾಕ್ಕೋ. ನಾನು ಹೊಸದು ಮಾಡಿಸ್ಕೋತೀನಿ."

ಕಪ್ಪು ಚರ್ಮ, ಒಳಗೆ ಕುರಿಯುಣ್ಣೆ, ಎರಡೂ ಹಿಮ್ಮಡಿಗೆ ಲಾಳ. ಅವರ ಹಜಾರದ ಕಲ್ಲಿನ ಮೇಲೆ ನಡೆದೆ. ಟಕ್ ಟಕ್. ಸಾಹೇಬರ ಸದ್ದು. ಆ ಊರಿನಲ್ಲಿ ಹಿರಿಯರು ಜೋಡು ಕೊಟ್ಟರೆಂದರೆ ಸದ್ದನ್ನೇ ಬಿಟ್ಟುಕೊಟ್ಟಂತೆ. ಮಗನಿಗೂ ಅಷ್ಟು ಸುಲಭವಾಗಿ ಕೊಡುವುದಿಲ್ಲ.

"ಚೀಟಿ ಬೇಡ್ವಾ ಸಾರ್?"

"ಗೇಟಿನ ದೊಡ್ಡತಾಯಮ್ಮಂಗೆ ನಾನೇ ಹೇಳ್ತೀನಿ ಬಿಡು. ನೀನು ಹೊತ್ತಿಗೆ ಸರಿಯಾಗಿ ಹೋಗು. ಒಂದು ದಿನಾನೂ ತಪ್ಪಿಸ್ಬೇಡ, ತಿಳೀತಾ? ಒಂದು ದಿನಾನೂ."

ನನ್ನ ಏಳಿಗೆಯ ಬಗ್ಗೆ ಇಷ್ಟು ಕಾಳಜಿ ಇರುವ ಮೇಲಧಿಕಾರಿ ಸಿಕ್ಕರಲ್ಲ ಎಂದು ಸಂತೋಷವಾಯಿತು. ಜೋಡು ಒಂದು ಅಳತೆ ದೊಡ್ಡದು. ಮುಂದೆ ಹಳೆಯ ಪತ್ರಿಕೆ ತುರುಕಿಕೊಂಡೆ.

ಸೋಮವಾರ ಬೆಳಿಗ್ಗೆ ಪೇಟೆಬೀದಿಯಲ್ಲಿ ಟಕ್ ಟಕ್ ಎಂದು ಹೊರಟೆ. ಎರಡೂ ಕಡೆ ಅಂಗಡಿಗಳಿಂದ ದಡಬಡ ಸದ್ದು ಬಂತು. ಸುಳ್ಳು ತೂಕದ ಕಲ್ಲುಗಳನ್ನೆಲ್ಲ ಎತ್ತಿ ಗಲ್ಲಾದ ಕೆಳಗೆ ಎಸೆಯುತ್ತಿದ್ದರು. ಕಲ್ಲು ನೆಲಕ್ಕೆ ತಾಗಿದರೆ ಕೇಳಿಸುತ್ತದೆ ಎನ್ನುವುದು ಅವರಿಗೆ ಆ ಗಾಬರಿಯಲ್ಲಿ ಮರೆತುಹೋಗುತ್ತಿತ್ತು. ಯಾವ ಅಂಗಡಿಗೆ ಹೋಗಿ ಮುಟ್ಟುಗೋಲು ಹಾಕಬೇಕೆಂದು ನಡೆಯುತ್ತಲೇ ತಿಳಿಯುತ್ತಿತ್ತು. ಕಚೇರಿಯ ಏಳು ಮೆಟ್ಟಿಲು ಹತ್ತಿ ಒಳಗೆ ಹೋದರೆ ಎಲ್ಲರೂ ಎದ್ದು ನಿಂತಿದ್ದಾರೆ.

"ಥೂ, ನೀವಾ," ಎಂದಳು ಸಾವಂತ್ರಿ. ನಮ್ಮ ಕಚೇರಿಯ ಟೈಪಿಸ್ಟು, ನನಗಿಂತ ಒಂದು ವರ್ಷ ಮೊದಲು ಸೇರಿದವಳು. "ಅಲ್ರೀ ರಂಗಪ್ಪ, ಸಾಹೇಬ್ರು ಬಂದ್ರು ಅಂತ ಬಾಯಲ್ಲಿದ್ದ ಚಕ್ಲಿ ಅಗಿದೇನೆ ನುಂಗಿದ್ನಲ್ರೀ."

"ಸಾಹೇಬರೇ ಕೊಟ್ಟದ್ದು."

"ಅವರಾ? ಒಂದು ಗುಂಡುಪಿನ್ನು ಕೊಟ್ರೂ ಮೂರು ಸಲ ವಾಪಸ್ ಕೇಳ್ತಾರೆ."

ಹೊಟ್ಟೆಕಿಚ್ಚು ಎಂದುಕೊಂಡೆ. ಇಪ್ಪತ್ತನಾಲ್ಕು ದಿನ ಹಾಗೆಯೇ ನಡೆದೆ, ಒಂದು ದಿನವೂ ತಪ್ಪಿಸಲಿಲ್ಲ. ನಂಜರಾಜಯ್ಯನವರ ಕೋಣೆಯ ಬಾಗಿಲು ಮಧ್ಯಾಹ್ನದವರೆಗೆ ಮುಚ್ಚಿರುತ್ತಿತ್ತು. ಊಟದ ಹೊತ್ತಿಗೆ ಅವರು ಒಳಗಿಂದ ಹೊರಬರುತ್ತಿದ್ದರು. ಬೆಳಿಗ್ಗೆಯೇ ಬಂದು ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾರೆ ಎಂದು ನಾವು ತಿಳಿದಿದ್ದೆವು. ಅವರ ಕೋಣೆಗೆ ಹಿತ್ತಲ ಕಡೆ ಇನ್ನೊಂದು ಬಾಗಿಲಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ತಿಂಗಳು ತುಂಬಿದ ದಿನ ಹಾಜರಿಯ ಪಟ್ಟಿ ಗೋಡೆಗೆ ಬಂತು. ನಂಜರಾಜಯ್ಯ: ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ರಂಗಪ್ಪ: ಸೊನ್ನೆ.

ಗೇಟಿನ ಗೂಡಿಗೆ ಓಡಿದೆ. ಬಾಗಿಲ ಒಳಗೇ, ಮೆಟ್ಟಿಲ ಪಕ್ಕಕ್ಕೆ, ಬೀದಿಯ ಕಡೆ ಗೋಣಿಪರದೆ ಇಳಿಬಿಟ್ಟ ಒಂದು ಪುಟ್ಟ ಕೋಣೆ ಅದು. ದೊಡ್ಡತಾಯಮ್ಮ ಅಲ್ಲಿ ಮೂವತ್ತು ವರ್ಷದಿಂದ ಕೂತು ಕಿವಿಯಿಂದಲೇ ಹಾಜರಿ ಹಾಕುತ್ತ ಬಂದವಳು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿತುಕುತ್ತಿದ್ದಳು.

"ಅಮ್ಮಾ, ನಾನು ದಿನಾ ಬಂದಿದ್ದೀನಿ."

"ಬಂದಿರ್ಬೋದು. ನನ್ನ ಕಿವಿಗೆ ಬಂದದ್ದು ನಾನು ಬರ್ದೆ. ಟಕ್ ಟಕ್ ಅಂತು, ನಂಜರಾಜಯ್ಯ ಅಂತ ಬರ್ದೆ. ನಿನ್ನ ಚೀಟಿ ಎಲ್ಲಿ?"

"ಸಾಹೇಬ್ರು ಹೇಳ್ತೀನಿ ಅಂದಿದ್ರು."

"ಹೇಳಿಲ್ಲ."

"ಈಗ ತಿದ್ದೋಕಾಗಲ್ವಾ?"

ಅವಳು ಒಂದು ಕಾಳು ಹಿತುಕಿದಳು. ಅದು ಚಿಮ್ಮಿ ಮೊರಕ್ಕೆ ಬಿತ್ತು. "ಇದನ್ನ ಮತ್ತೆ ಸಿಪ್ಪೆಯೊಳಗೆ ಹಾಕು ನೋಡೋಣ," ಎಂದಳು.

ನಂಜರಾಜಯ್ಯನವರ ಹತ್ತಿರ ಹೋದೆ. ಅವರಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಕಂಬಳಿ ಸರಿಮಾಡಿಕೊಂಡು, "ಸಂಕ್ರಾಂತಿ ಕಳೀಲಿ ರಂಗಪ್ಪ, ಒಳ್ಳೆ ದಿನ ನೋಡಿ ಹೇಳ್ತೀನಿ," ಎಂದರು. ಸಂಕ್ರಾಂತಿ ಕಳೆಯುವ ಹೊತ್ತಿಗೆ ನನ್ನ ಖಾಯಂ ಕೆಲಸ ಕಳೆದಿರುತ್ತಿತ್ತು.

ವಿಷಯ ಏನೆಂದು ಸಾವಂತ್ರಿ ಬಿಡಿಸಿ ಹೇಳಿದಳು. ಚಳಿಗಾಲದುದ್ದಕ್ಕೂ ಒಂದು ದಿನವೂ ತಪ್ಪಿಸದವರಿಗೆ ಶಿವರಾತ್ರಿಯ ದಿನ ಕಚೇರಿಯಲ್ಲಿ ಉಣ್ಣೆಯ ಶಾಲು ಹೊದೆಸುವ ಪದ್ಧತಿ. ನಂಜರಾಜಯ್ಯನವರಿಗೆ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅದು ಸಿಕ್ಕಿರಲಿಲ್ಲ, ಏಕೆಂದರೆ ಚಳಿಗಾಲದಲ್ಲಿ ಹನ್ನೊಂದಕ್ಕೆ ಮೊದಲು ಅವರು ಹಾಸಿಗೆ ಬಿಟ್ಟದ್ದೇ ಇಲ್ಲ. ಶಾಲು ಹೊದ್ದು ನಿವೃತ್ತರಾಗಬೇಕೆಂಬುದು ಅವರ ಕೊನೆಯ ಆಸೆ. ನಾನು ಅವರ ಕಾಲುಗಳಾಗಿದ್ದೆ. ಮಧ್ಯಾಹ್ನ ಅವರು ಬಟ್ಟೆಯ ಚಪ್ಪಲಿ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಬರುತ್ತಿದ್ದರು.

"ಈಗ ಏನ್ಮಾಡ್ತೀರಾ?" ಎಂದಳು.

ಲೆಕ್ಕ ಹಾಕಿದೆ. ಉಳಿದದ್ದು ನಲವತ್ತೊಂಬತ್ತು ದಿನ. ಬೇಕಾದ್ದು ನಲವತ್ತೆಂಟು. ಹೊಸ ಸದ್ದು ಹುಡುಕಿ ಚೌಡಣ್ಣನಿಂದ ಚೀಟಿ ತರಲು ಒಂದು ದಿನ ಹೋಗುತ್ತದೆ. ಆಮೇಲೆ ಒಂದೇ ಒಂದು ದಿನವೂ ತಪ್ಪುವಂತಿಲ್ಲ. "ಭಟ್ಟರ ಜೋಡು ತಗೊಳ್ಳಲಾ, ಆ ಕಿಂಯ್ಕ್ ತಗೊಳ್ಳಲಾ ಅಂತ ನೋಡ್ತಿದೀನಿ," ಎಂದೆ.

"ಎರಡೂ ಬೇಡ. ಕಾಲಲ್ಲಿರೋದ್ರಲ್ಲೇ ಒಂದು ಲಾಳ ಕಿತ್ತಾಕಿ. ಅವರ ಸದ್ದು ನಿಮ್ಮ ಕಾಲಿಂದ ಹೋಗುತ್ತೆ, ನಿಮ್ಮದು ಬರುತ್ತೆ."

"ಕುಂಟನ ಸದ್ದಾಗಲ್ವಾ?"

"ಆಗುತ್ತೆ. ಅದಕ್ಕೇನು ಈಗ? ನಿಮ್ಮನ್ನೇನು ನಾಳೆ ಹೆಣ್ಣಿನ ಕಡೆಯೋರು ನೋಡೋಕೆ ಬರ್ತಿದ್ದಾರಾ?"

ಕಚೇರಿಯ ಚಾಣ ತಂದು ಎಡಗಾಲಿನ ಲಾಳ ಕಿತ್ತೆ. ಐದು ಮೊಳೆ. ಮೂರು ನೆಟ್ಟಗೆ ಬಂದವು, ಎರಡು ಮುರಿದವು. ಲಾಳವನ್ನು ಕಿಟಕಿಯಲ್ಲಿಟ್ಟು ತಿರುಗುವಾಗ ಮೊಣಕೈ ತಾಗಿ ಅದು ಹೊರಗೆ ಬಿತ್ತು. ಕೆಳಗಿನಿಂದ ಟಕ್ ಎಂದು ಒಂದು ಸಲ ಕೇಳಿಸಿತು. ಸಂಜೆ ಇಬ್ಬರೂ ನೆಲ ತಡಕಿದೆವು. ಸಿಗಲಿಲ್ಲ.

ಮರುದಿನ ಚೌಡಣ್ಣ ಕಲ್ಲಿನ ಮೇಲೆ ನನ್ನನ್ನು ನಾಲ್ಕು ಸಲ ನಡೆಸಿದ. ಟಕ್ ಧಪ್, ಟಕ್ ಧಪ್. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ.

"ಯಾರದ್ದೂ ಅಲ್ಲ. ಆದ್ರೆ ನೆನಪಿಟ್ಕೋ, ಒಂದು ಚಳಿಗೆ ಒಂದೇ ಸಲ ಬದಲಾಯ್ಸೋದು. ಇದು ಕೆಟ್ರೆ ಇನ್ನೊಂದು ಚೀಟಿ ಇಲ್ಲ."

"ಗೊತ್ತಾಯ್ತು."

"ಕುಂಟ ಅಂತಾರೆ."

"ಅನ್ಲಿ."

ಅಂದರು. ಪೇಟೆಬೀದಿಯಲ್ಲಿ ತೂಕದ ಕಲ್ಲುಗಳು ಬೀಳುವುದು ನಿಂತಿತು. ಬದಲಿಗೆ ಕಾಣದ ಕೈಗಳು ನನ್ನನ್ನು ಹಿಡಿದು ಚರಂಡಿ ದಾಟಿಸಲು ಶುರುಮಾಡಿದವು. ಯಾರೋ ಒಬ್ಬರು ದಿನಾ ಅದೇ ಮೂಲೆಯಲ್ಲಿ ಕಾದಿದ್ದು ದಾಟಿಸುತ್ತಿದ್ದರು. ಬೇಡವೆಂದರೆ ಬೀದಿಯಲ್ಲಿ ಕೇಳಿಸಬೇಕಲ್ಲ. ಹೋಟೆಲಿನೊಳಗೆ ಕಾಲಿಟ್ಟರೆ ಬೆಂಚಿನ ತುದಿ ಖಾಲಿಯಾಗುತ್ತಿತ್ತು. ಒಬ್ಬ ಮುದುಕಿ ನನ್ನ ಎಡಗಾಲಿಗೆಂದು ಎಣ್ಣೆ ಕಾಯಿಸಿ ತಂದುಕೊಟ್ಟಳು. ಹಚ್ಚಿಕೊಂಡೆ. ಬಲಗಾಲಿಗೂ ಹಚ್ಚಿಕೊಂಡೆ, ನಿಜವಾಗಿ ನೋಯುತ್ತಿದ್ದದ್ದು ಅದೇ. ದೊಡ್ಡ ಜೋಡಿನಲ್ಲಿ ಉಜ್ಜಿ ಉಜ್ಜಿ ಕಿರುಬೆರಳಿನ ಉಗುರು ಕಪ್ಪಾಗಿತ್ತು.

ನಂಜರಾಜಯ್ಯನವರು ಮೂರು ದಿನ ನೆಮ್ಮದಿಯಾಗಿ ಮಲಗಿದ್ದರು. ನಾನು ಹೊರಡುವ ಸದ್ದನ್ನು ಅವರು ಕಂಬಳಿಯೊಳಗಿಂದ ಕೇಳಿಸಿಕೊಂಡಿರಲಿಲ್ಲವೆಂದು ಕಾಣುತ್ತದೆ. ನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡತಾಯಮ್ಮ ಅವರ ಕೋಣೆಗೇ ಬಂದು, "ಸ್ವಾಮಿ, ನಿಮಗೆ ಮೂರು ಗೈರು, ಇವತ್ತಿಂದು ಸೇರಿ ನಾಲ್ಕು. ಹುಷಾರಿಲ್ವಾ?" ಎಂದು ಕೇಳಿದಳಂತೆ. ಅವರು ನನ್ನನ್ನು ಕರೆಸಿದರು.

"ಎಲ್ಲಯ್ಯಾ ನನ್ನ ಜೋಡು?"

"ಇಲ್ಲೇ ಇದೆ ಸಾರ್, ಕಾಲಲ್ಲಿ."

"ತೆಗೆದುಕೊಡು."

"ತಗೊಳ್ಳಿ. ಆದ್ರೆ ನಿಮ್ಮ ಸದ್ದು ಇದ್ರಲ್ಲಿ ಇಲ್ಲ."

ನಡೆದು ತೋರಿಸಿದೆ. ಅವರು ಕೇಳಿದರು. ಕಂಬಳಿ ಭುಜದಿಂದ ಜಾರಿತು. ಶಾಲು ಹೋಯಿತೆಂಬುದು ಅವರಿಗೆ ಆಗಲೇ ಅರ್ಥವಾಗಿತ್ತು. ಅದರ ಮೇಲೆ ನಾಲ್ಕು ಗೈರಿಗೆ ಕಾರಣ ಬರೆದುಕೊಡಬೇಕಾಗಿತ್ತು, ಐದನೆಯದು ಆಗದಂತೆ ನೋಡಿಕೊಳ್ಳಬೇಕಾಗಿತ್ತು. ಹಳೆಯದು ಈಗ ನನ್ನ ಹೆಸರಿಗೆ ರಿಜಿಸ್ಟರಿಗೆ ಏರಿತ್ತು, ಹೊಸ ಜೋಡಿಗೆ ಮೂರು ವಾರ ಬೇಕೆಂದು ಚೌಡಣ್ಣ ಹೇಳಿದ. ತಯಾರಿದ್ದವು ಎರಡೇ. ನಂಜರಾಜಯ್ಯನವರು ದೇವರಿಗೆ ಹೆದರುವ ಮನುಷ್ಯ, ಭಟ್ಟರ ಜೋಡು ಮುಟ್ಟಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಮೊದಲೇ ಕಚೇರಿಯ ಮೆಟ್ಟಿಲ ಮೇಲೆ ಕಿಂಯ್ಕ್ ಕಿಂಯ್ಕ್ ಎಂದು ಕೇಳಿಸಿತು. ಹಿಂದೆಯೇ ನಾಲ್ಕೈದು ನಾಯಿಗಳ ಉಗುರಿನ ಸದ್ದು. ಸಾವಂತ್ರಿ ಟೈಪ್‌ರೈಟರಿನ ಮೇಲೆ ತಲೆಯಿಟ್ಟು ನಕ್ಕಳು. ನಾವ್ಯಾರೂ ಎದ್ದು ನಿಲ್ಲಲಿಲ್ಲ. ನಿಲ್ಲಬೇಕೆಂದೇ ಅನ್ನಿಸಲಿಲ್ಲ, ಆ ಸದ್ದಿಗೆ. ಒಂದು ವಾರ ಅವರು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ದಿನ ತಾವಾಗಿ, "ಬೆಚ್ಚಗಿದೆ ಕಣಯ್ಯ," ಎಂದರು. ಬೇಗ ಏಳುವುದರಿಂದ ಹಸಿವೂ ಚೆನ್ನಾಗಿ ಆಗುತ್ತದಂತೆ. ಬೀದಿಯ ಮಕ್ಕಳು ಕಿಂಯ್ಕ್ ಕೇಳಿದರೆ ಹೊರಗೆ ಓಡಿಬಂದು ಕಾಣದ ಆ ಮನುಷ್ಯನ ಸುತ್ತ ಕುಣಿಯುತ್ತಿದ್ದವು. ಅವರು ಜೇಬಿನಲ್ಲಿ ಬತ್ತಾಸು ಇಟ್ಟುಕೊಳ್ಳತೊಡಗಿದರು.

ಮಂಜಿನ ಕೊನೆಯ ಕೆಲಸದ ದಿನ ನನ್ನ ಹಾಜರಿ ನಲವತ್ತೇಳು. ಜ್ವರ ಬಂದರೂ ತಪ್ಪಿಸಿರಲಿಲ್ಲ. ಅಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲಿನ ಬುಡಕ್ಕೆ ಬಂದಾಗ ಬಲಗಾಲಿನ ಕೆಳಗೆ ಏನೋ ಕಳಚಿ, ಟಕ್ ಎಂದು ಬಿತ್ತು. ಮುಂದಿನ ಹೆಜ್ಜೆ ಇಟ್ಟೆ. ಧಪ್. ಇನ್ನೊಂದು ಇಟ್ಟೆ. ಧಪ್. ಯಾರದ್ದಾದರೂ ಆಗಿರಬಹುದಾದ, ನನ್ನದಂತೂ ಅಲ್ಲದ ಸದ್ದು.

ಬಾಯಿ ತೆರೆದು ದೊಡ್ಡತಾಯಮ್ಮಾ ಎಂದು ಕೂಗಿದೆ. ನನಗೇ ಕೇಳಿಸಲಿಲ್ಲ. ಹತ್ತು ಗಂಟೆಗೆ ಗೂಡಿನಲ್ಲಿ ರಿಜಿಸ್ಟರು ಮುಚ್ಚುತ್ತದೆ. ಮಂಡಿಯೂರಿ ನೆಲ ತಡಕಿದೆ. ಕಲ್ಲು, ಸಗಣಿ, ಒಂದು ಬತ್ತಾಸು, ಮತ್ತೆ ಕಲ್ಲು. ಕೊನೆಗೆ ತಣ್ಣಗೆ ಲಾಳ ಸಿಕ್ಕಿತು. ಹೊಡೆಯಲು ಸುತ್ತಿಗೆ ಇಲ್ಲ, ಮೊಳೆಯೂ ಇಲ್ಲ.

ಲಾಳವನ್ನು ಬಲಗೈಯಲ್ಲಿ ಹಿಡಿದುಕೊಂಡೆ. ಬಲಗಾಲನ್ನು ನೆಲಕ್ಕೆ ತಾಗದಂತೆ ಮಡಚಿ ಹಿಂದಕ್ಕೆ ಎತ್ತಿದೆ. ಬಗ್ಗಿ ಮೊದಲ ಮೆಟ್ಟಿಲಿಗೆ ಲಾಳ ಕುಟ್ಟಿದೆ, ಟಕ್. ಎಡಗಾಲಿನಿಂದ ನೆಗೆದೆ, ಧಪ್. ಎರಡನೆಯ ಮೆಟ್ಟಿಲು. ಟಕ್, ಧಪ್. ಮಂಜು ಇದ್ದದ್ದಕ್ಕೆ ಬದುಕಿದೆ. ಬಯಲು ಬೆಳಕಿನಲ್ಲಿ ಯಾರಾದರೂ ನೋಡಿದ್ದರೆ ಖಾಯಂ ಮಾಡುವ ಬದಲು ಆಸ್ಪತ್ರೆಗೆ ಕಳಿಸುತ್ತಿದ್ದರು. ಮೂರನೆಯ ಮೆಟ್ಟಿಲಿನಲ್ಲಿದ್ದಾಗ ಕೆಳಗೆ ಕಿಂಯ್ಕ್ ಎಂದು ಕೇಳಿಸಿತು. ಆ ಸದ್ದು ನನ್ನ ಸದ್ದಿನ ಮೇಲೆ ಬಿದ್ದರೆ ಎಲ್ಲ ಕಲಸಿಹೋಗುತ್ತದೆ. ಆದರೆ ಅದು ಮುಂದೆ ಬರಲಿಲ್ಲ. ನಾನು ಉಳಿದ ನಾಲ್ಕು ಮೆಟ್ಟಿಲು ಮುಗಿಸುವವರೆಗೆ ನಂಜರಾಜಯ್ಯನವರು ಇಟ್ಟ ಕಾಲು ಎತ್ತದೆ ಅಲ್ಲೇ ನಿಂತಿದ್ದರು. ನಾಯಿಗಳೂ ನಿಂತಿದ್ದವು.

ಒಳಗೆ ಬಂದು ಬಾಗಿಲು ಹಾಕಿದ ಕೂಡಲೇ ಗೂಡಿನತ್ತ ನೋಡಿದೆ. ದೊಡ್ಡತಾಯಮ್ಮನ ಮೊರದಲ್ಲಿ ಅವರೆ ಮುಗಿದು ಕಡಲೆಕಾಯಿ ಬಂದಿತ್ತು. ರಿಜಿಸ್ಟರು ತೆರೆದಿತ್ತು. ನನ್ನ ಹೆಸರಿನ ಮುಂದೆ ನಲವತ್ತೆಂಟನೆಯ ಗುರುತು ಇನ್ನೂ ಒದ್ದೆಯಿತ್ತು.

"ಇವತ್ತು ಯಾಕೆ ಮೂರು ಕಾಲಿನ ಪ್ರಾಣಿ ಥರ ಬಂದೆ?" ಎಂದಳು, ತಲೆಯೆತ್ತದೆ.

ನಾನು ಲಾಳ ತೋರಿಸಿದೆ. "ಮತ್ತೆ ಹಾಜರಿ ಹಾಕಿದ್ದೀರಲ್ಲ?"

"ಟಕ್ ಧಪ್ ಅಂತು. ನನ್ನ ಕಿವಿಗೆ ಬಂದದ್ದು ನಾನು ಬರ್ದೆ."

ಆಗ ನನಗೆ ಹೊಳೆಯಿತು. "ಅಮ್ಮಾ, ಕೈ ಯಾವುದು ಕಾಲು ಯಾವುದು ಅಂತ ನಿಮಗೆ ತಿಳಿಯುತ್ತೆ. ಹಾಗಾದ್ರೆ ಮೊದಲ ತಿಂಗಳು ಬಂದಿದ್ದು ನಾನು, ಸಾಹೇಬ್ರಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಮೊದಲನೇ ದಿನವೇ ಗೊತ್ತಿತ್ತು. ಅವರಿಗೆ ಮೆಟ್ಲು ಹತ್ತೋವಾಗ ನಾಲ್ಕನೇದ್ರಲ್ಲಿ ದಮ್ಮು ಹತ್ತುತ್ತೆ, ನಿಲ್ತಾರೆ. ನೀನು ನಿಲ್ಲಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ರಿಜಿಸ್ಟರಲ್ಲಿ ಬರ್ಯೋದು ಜೋಡನ್ನ ಕಣಪ್ಪ, ಕಾಲನ್ನಲ್ಲ. ಅವತ್ತು ಕಾಲು ನೋಡಿ ಬರ್ದಿದ್ರೆ ಇವತ್ತೂ ಕಾಲೇ ನೋಡಿ ಬರ್ಯಬೇಕಾಗಿತ್ತು. ಹೋಗು, ಕೆಲ್ಸ ನೋಡು. ಖಾಯಂ ಆದೋರು ಗೇಟಲ್ಲಿ ನಿಂತ್ಕೋಬಾರ್ದು."

ಕಡಲೆಕಾಯಿ ಒಂದು ಹಿಡಿ ಕೊಟ್ಟಳು. ಶಿವರಾತ್ರಿಯ ದಿನ ಮಂಜು ಎದ್ದಿತು. ಎಲ್ಲರೂ ಎಲ್ಲರನ್ನೂ ನೋಡಿದರು. ಪೇಟೆಬೀದಿಯಲ್ಲಿ ನಾನು ಎರಡೂ ಕಾಲಿನಲ್ಲಿ ನೆಟ್ಟಗೆ ನಡೆಯುವುದನ್ನು ಕಂಡು ಎಣ್ಣೆ ಕೊಟ್ಟ ಮುದುಕಿ ತನ್ನ ಎಣ್ಣೆಯ ಗುಣ ಎಂದು ಊರಿಗೆಲ್ಲ ಹೇಳಿದಳು. ನಾನು ಅಲ್ಲವೆನ್ನಲಿಲ್ಲ.

ಆ ಚಳಿಗಾಲದಲ್ಲಿ ಕಳೆದದ್ದು ಇಷ್ಟು: ನನ್ನ ಇಪ್ಪತ್ತೈದು ದಿನದ ಹಾಜರಿ, ಎಡಗಾಲಿನ ಲಾಳ ಒಂದು, ಅದರ ಮೊಳೆ ಐದು, ಬಲಗಾಲಿನ ಕಿರುಬೆರಳಿನ ಉಗುರು ಒಂದು. ನಂಜರಾಜಯ್ಯನವರದ್ದು, ಶಾಲು ಒಂದು.